ಎರಡು ಲೋಟ ಯೀಸ್ಟ್

“ಇವತ್ತಿನಿಂದ ಈ ಮನೆಯಲ್ಲಿ ಒಂದೊಂದಾಗಿ ಮಾಡುವ ಕೆಲಸ ಖಲಾಸ್!” ಎಂದು ಶರಣ್ ಘೋಷಿಸಿದಾಗ ಅವನ ಹೆಂಡತಿ ಯಶ್ಮಿತಾ ಬೆಳ್ಳುಳ್ಳಿಯನ್ನು ಒಂದೊಂದಾಗಿಯೇ ಸುಲಿಯುತ್ತಿದ್ದಳು.

ಘೋಷಣೆ ಹೊರಟದ್ದು ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರ ಊಟದ ಮೇಜಿನಿಂದ. ಆ ಮೇಜಿನ ಅರ್ಧ ಊಟಕ್ಕೆ, ಇನ್ನರ್ಧ ಕಂಪ್ಯೂಟರಿಗೆ. ಶರಣ್ ಒಂದು ಕನ್‌ಸ್ಟ್ರಕ್ಷನ್ ಕಂಪೆನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಇಂಜಿನಿಯರುಗಳು ಬರೆದು ಬಿಸಾಡಿದ್ದನ್ನು ಹೆಕ್ಕಿ, ನಂಬರು ಹಾಕಿ, ಫೈಲಿಗೆ ಸೇರಿಸುವ ಕೆಲಸ. ಊರಿಗೆ ಫೋನ್ ಮಾಡುವಾಗ ಮಾತ್ರ ಅದರಿಂದ ‘ಡಾಕ್ಯುಮೆಂಟ್’ ಉದುರಿಹೋಗಿ ಬರೀ ‘ಕಂಟ್ರೋಲರ್’ ಉಳಿಯುತ್ತಿತ್ತು. ಕೇಳಿದವರು ಇವನು ಕತಾರಿನ ಅರ್ಧ ಭಾಗವನ್ನಾದರೂ ಕಂಟ್ರೋಲಿನಲ್ಲಿ ಇಟ್ಟುಕೊಂಡಿರಬೇಕು ಎಂದುಕೊಳ್ಳುತ್ತಿದ್ದರು.

2007ರ ಜೂನ್ ತಿಂಗಳ ಆ ಸಂಜೆ ಅವನ ಕೈಯಲ್ಲೊಂದು ಸೀಡಿ ಇತ್ತು. ವರ್ಡ್ ಪ್ರೊಸೆಸರಿನ ಹೊಚ್ಚ ಹೊಸ ವರ್ಷನ್! ಹಳೆಯದನ್ನು ಕಂಪ್ಯೂಟರಿನಿಂದ ಕಿತ್ತು ಹಾಕಿ, ಹೊಸದನ್ನು ಪ್ರತಿಷ್ಠಾಪಿಸಿ, ಅವನು ಹೆಂಡತಿಯ ಪುಸ್ತಕಕ್ಕೆ ಕೈ ಹಾಕಲು ಹೊರಟಿದ್ದ.

ಹೌದು, ಪುಸ್ತಕ ಹೆಂಡತಿಯದು. ದೋಹಾದಲ್ಲಿರುವ ನಮ್ಮ ಕರಾವಳಿಯ ಹೆಂಗಸರನ್ನೆಲ್ಲ ಮಾತಾಡಿಸಿ, ಅವರವರ ಅಡುಗೆಮನೆಯಲ್ಲೇ ನಿಂತು ನೋಡಿ ಯಶ್ಮಿತಾ ಒಂದು ಅಡುಗೆ ಪುಸ್ತಕ ಬರೆದಿದ್ದಳು. ಅದಕ್ಕೆ ಎರಡು ವರ್ಷ ಹಿಡಿದಿತ್ತು. ಅಲ್ ಅಜೀಜಿಯಾದ ಆಯಿಷಮ್ಮನವರ ರೊಟ್ಟಿ, ಅಕ್ಕಿಹಿಟ್ಟಿನ ತೆಳು ಪತ್ತಿರ್ ಅದರಲ್ಲಿದ್ದವು. ಬಿನ್ ಒಮ್ರಾನಿನ ಪರ್ಪೆಚುವಾ ಬಾಯಿಯ ಸಾನ್ನಾಂ ಇತ್ತು. ಸಾನ್ನಾಂ ಎಂದರೆ ಇಡ್ಲಿಯ ದೊಡ್ಡಕ್ಕ. ಮಂಗಳೂರಿನ ಕ್ರಿಶ್ಚಿಯನ್ನರ ಮನೆಯಲ್ಲಿ ಅದು ಇಲ್ಲದೆ ಹಬ್ಬ ಹಬ್ಬವಲ್ಲ. ಪರ್ಪೆಚುವಾ ಬಾಯಿ ಅಡುಗೆಯ ಜೊತೆಗೆ ತನ್ನ ತೀರಿಹೋದ ತಂದೆಯ ನೆನಪನ್ನೂ ಹೇಳಿ ಬರೆಸಿದ್ದರು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ದೋಹಾದ ಕರಾವಳಿಯವರ ಸಂಘದ ಕೂಟದಲ್ಲಿ ಪುಸ್ತಕದ ಬಿಡುಗಡೆ. ಯಶ್ಮಿತಾಳ ಹೆಸರು ಅಚ್ಚಾಗುತ್ತಿದ್ದದ್ದು ಮದುವೆಯ ಕಾಗದದ ನಂತರ ಇದೇ ಮೊದಲು.

ಒಂದೇ ಒಂದು ತೊಡಕು ಉಳಿದಿತ್ತು. ಸಾನ್ನಾಂ ಹಿಟ್ಟು ಉಬ್ಬುವುದು ಕಳ್ಳಿನಿಂದ! ಸಂಘದ ಅಧ್ಯಕ್ಷ ಬೋಜಣ್ಣ ಅದನ್ನು ಓದಿದ್ದೇ ತಡ, ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು.

“ಈ ದೇಶದಲ್ಲಿ ಕೂತು ‘ಕಳ್ಳು ಹಾಕಿ’ ಅಂತ ಪುಸ್ತಕ ಹಂಚಿದ್ರೆ ನನ್ನ ಅಧ್ಯಕ್ಷಗಿರಿಯೂ ಖಲಾಸ್, ವೀಸಾವೂ ಖಲಾಸ್! ತೆಗೀರಿ ಯಶ್ಮಿತಾ ಅದನ್ನು.”

ಅವರು ಹೇಳದಿದ್ದರೂ ಕಳ್ಳು ಇಲ್ಲಿ ಸಿಗುವುದಾದರೂ ಎಲ್ಲಿ? ರಸ್ತೆಯುದ್ದಕ್ಕೂ ಖರ್ಜೂರದ ಮರಗಳಿದ್ದವು, ಹತ್ತಿ ಇಳಿಸುವವರಿರಲಿಲ್ಲ. ಪರ್ಪೆಚುವಾ ಬಾಯಿಯೇ ಇಲ್ಲಿ ಕಳ್ಳಿನ ಬದಲು ಒಂದು ಚಮಚ ಯೀಸ್ಟ್ ಹಾಕಿ ಸುಧಾರಿಸುತ್ತಿದ್ದರು. ಹಾಗಾಗಿ ಯಶ್ಮಿತಾ ಪುಸ್ತಕದಲ್ಲಿ ಕಳ್ಳು ಬಂದಲ್ಲೆಲ್ಲ ನಿಂತು, ನೋಡಿ, ಅಳತೆ ತಿದ್ದಿ, ಯೀಸ್ಟ್ ಎಂದು ಬರೆಯುವ ಯೋಚನೆಯಲ್ಲಿದ್ದಳು. ಅಷ್ಟರಲ್ಲಿ ಕಂಟ್ರೋಲರ್ ಸಾಹೇಬರು ಸೀಡಿ ಸಮೇತ ಆಗಮಿಸಿದ್ದರು.

“ನಿನ್ನ ಹಳೆ ವರ್ಷನ್ ಎಂತ ಮಾಡ್ತಿತ್ತು ಹೇಳು?” ಎಂದು ಶರಣ್ ಪಾಠ ಶುರುಮಾಡಿದ. “ಒಂದು ಶಬ್ದ ಹುಡುಕ್ತದೆ, ನಿಲ್ತದೆ, ‘ಬದಲಿಸ್ಲಾ?’ ಅಂತ ಕೇಳ್ತದೆ. ಮತ್ತೆ ನಾಲ್ಕು ಸಾಲು ಹೋಗ್ತದೆ, ನಿಲ್ತದೆ, ಮತ್ತೆ ಕೇಳ್ತದೆ. ಊರಿನ ಸರ್ವಿಸ್ ಬಸ್ಸು! ಇದು ಎಕ್ಸ್‌ಪ್ರೆಸ್. ‘ಎಲ್ಲವನ್ನೂ ಬದಲಿಸು’ ಅಂತ ಒತ್ತಿದ್ರೆ ಮುಗೀತು. ಮಂಗಳೂರಲ್ಲಿ ಹತ್ತಿದವ ಉಡುಪಿಯಲ್ಲೇ ಇಳಿಯೋದು!”

“ನಡುವೆ ಮೂಲ್ಕಿಯಲ್ಲಿ ಇಳೀಲಿಕ್ಕೆ ಇರುವವರು ಎಂತ ಮಾಡೋದು?”

“ಅಯ್ಯೋ ಮಾರಾಯ್ತಿ, ಇದು ಟೆಕ್ನಾಲಜಿ.”

“ಆ ಬಟನ್ ಹಳೇದ್ರಲ್ಲೂ ಇತ್ತು. ನಾನೇ ಒತ್ತುತ್ತಿರಲಿಲ್ಲ.”

“ಹಳೇದ್ರಲ್ಲಿ ಒತ್ತಿದ್ರೆ ಮರಳು ಗಡಿಯಾರ ತಿರುಗಿದ್ದೇ ತಿರುಗಿದ್ದು! ಇದು ಮೆಮೊರಿಯನ್ನು ಬಳಸುವ ಕ್ರಮವೇ ಬೇರೆ.”

ಆ ಮಾತು ಮಾತ್ರ ನಿಜ. ಅವರ ಕಂಪ್ಯೂಟರು ಊರಿಗೆ ಮರಳುತ್ತಿದ್ದ ಯಾರಿಂದಲೋ ಅಗ್ಗಕ್ಕೆ ಕೊಂಡದ್ದು. ಮೆಮೊರಿ ಇದ್ದದ್ದೇ ಅಷ್ಟಕ್ಕಷ್ಟೆ. ಹಳೆಯ ವರ್ಷನ್ ಬಡವರ ಮನೆಗೆ ಬಂದ ಸೊಸೆಯ ಹಾಗೆ ಇದ್ದದ್ದರಲ್ಲೇ ಹೊಂದಿಸಿಕೊಂಡು ಹೋಗುತ್ತಿತ್ತು. ಹೊಸದು ಶ್ರೀಮಂತರ ಮನೆಯಿಂದ ಬಂದ ಅಳಿಯ! ಬಂದು ಕೂತಿತೋ ಇಲ್ಲವೋ, ಇದ್ದಬದ್ದ ಮೆಮೊರಿಯೆಲ್ಲ ಅದರ ಸೇವೆಗೇ ನಿಂತಿತು. ಕಂಪ್ಯೂಟರಿನ ಹೊಟ್ಟೆಯ ಫ್ಯಾನು ಗೊರಗೊರ ಎನ್ನತೊಡಗಿತು.

ಶರಣ್ ಅಂಗಿಯ ತೋಳು ಮಡಚಿದ. ಹುಡುಕಬೇಕಾದ್ದು: ಕಳ್ಳು. ಬದಲಿಗೆ: ಯೀಸ್ಟ್. ಎಲ್ಲವನ್ನೂ ಬದಲಿಸು!

ಪರದೆಯ ಮೇಲೆ ಪುಟ್ಟ ಚೌಕವೊಂದು ಎದ್ದು ಬಂತು. ಅದರ ತುಂಬ ಉದ್ದನೆಯ ಬರಹ, ಕೊನೆಗೆ ಹೌದು, ಅಲ್ಲ ಎಂಬ ಎರಡು ಬಟನ್. ಕಂಪ್ಯೂಟರ್ ಏನು ಕೇಳಿದರೂ ‘ಹೌದು’ ಎನ್ನುವುದು ಶರಣನ ವೃತ್ತಿಧರ್ಮ. ಒತ್ತಿಯೇಬಿಟ್ಟ.

“ಎಂತ ಕೇಳಿತು ಅದು?” ಎಂದಳು ಯಶ್ಮಿತಾ ಅಡುಗೆಮನೆಯ ಬಾಗಿಲಿನಿಂದ.

“ಮುಂದುವರಿಸ್ಲಾ ಅಂತ.”

“ಅದಕ್ಕಿಂತ ಮೊದಲು ಉದ್ದಕ್ಕೆ ಬರೆದದ್ದು?”

“ಅದೆಲ್ಲ ಸುಮ್ನೆ. ಸಿಗರೇಟ್ ಪ್ಯಾಕಿನ ಮೇಲೆ ಬರೀತಾರಲ್ಲ, ಹಾಗೆ.”

ಮೂವತ್ತೇಳು ಕಡೆ ಬದಲಾಯಿತು ಎಂದು ಕಂಪ್ಯೂಟರ್ ವರದಿ ಒಪ್ಪಿಸಿತು. ಶರಣ್ ಸೇವ್ ಮಾಡಿದ. ಎದ್ದು ನಿಂತು ಒಮ್ಮೆ ಮೈಮುರಿದ.

“ನಾನೊಮ್ಮೆ ಓದಿ ನೋಡ್ತೇನೆ. ಅಳತೆ ಬೇರೆ ತಿದ್ದಲಿಕ್ಕುಂಟು.”

“ಕಂಪ್ಯೂಟರೇ ಓದಿ ಆಯ್ತು. ಅದಕ್ಕಿಂತ ಚೆನ್ನಾಗಿ ನೀನು ಓದ್ತೀಯಾ? ಅಳತೆ ಗಿಳತೆ ಎಲ್ಲಾ ಸರಿ ಉಂಟು!”

ಆಕೆ ಕೈ ತೊಳೆದು ಬರುವಷ್ಟರಲ್ಲಿ ಅವನು ಫೈಲನ್ನು ಪೆನ್ ಡ್ರೈವಿಗೆ ತುಂಬಿಸಿ ಮೆಟ್ಟಿಲಿಳಿದಾಗಿತ್ತು. ಪುಸ್ತಕ ಜೆರಾಕ್ಸ್ ಮಾಡಿ ಬೈಂಡ್ ಹಾಕಿಕೊಡುವ ಟೈಪಿಂಗ್ ಸೆಂಟರ್ ಬಿನ್ ಒಮ್ರಾನಿನಲ್ಲಿತ್ತು. ಅಲ್ಲಿ ಕೂತು ಅವನು ಇನ್ನೊಂದು ಸಣ್ಣ ತಿದ್ದುಪಡಿಯನ್ನೂ ಮಾಡಿದ. ರಕ್ಷಾಪುಟದಲ್ಲಿ ಯಶ್ಮಿತಾಳ ಹೆಸರಿನ ಕೆಳಗೆ, ಅವಳದಕ್ಕಿಂತ ಚೂರೇ ಚೂರು ದಪ್ಪ ಅಕ್ಷರದಲ್ಲಿ, ‘ತಾಂತ್ರಿಕ ಸಂಪಾದಕ: ಶರಣ್’ ಎಂದು ಸೇರಿಸಿದ.

ಬುಧವಾರ ಪುಸ್ತಕದ ಪೆಟ್ಟಿಗೆ ಮನೆಗೆ ಬಂತು. ಯಶ್ಮಿತಾ ರಕ್ಷಾಪುಟ ನೋಡಿದಳು. ಗಂಡನ ಮುಖ ನೋಡಿದಳು. “ಹೋಗ್ಲಿ, ಇರ್ಲಿ” ಎಂದಳು. ಒಂದು ಪ್ರತಿ ಕೈಗೆತ್ತಿಕೊಂಡು ತೆರೆಯಬೇಕು ಎನ್ನುವಷ್ಟರಲ್ಲಿ ಮೇಲಿನ ಮನೆಯ ಬೋಜಣ್ಣ ಇಳಿದು ಬಂದು ಅದನ್ನೇ ಕಸಿದುಕೊಂಡರು. “ಪೆಟ್ಟಿಗೆ ಇನ್ನು ವೇದಿಕೆಯ ಮೇಲೇ ತೆರೆಯೋದು! ಬಿಡುಗಡೆಗೆ ಮುಂಚೆ ಪುಸ್ತಕ ಮುಟ್ಟಿದ್ರೆ ಅಪಶಕುನ” ಎಂದು ಟೇಪು ಸುತ್ತಿ, ಅಧ್ಯಕ್ಷರ ಪ್ರತಿಯೊಂದಿಗೆ ಮೇಲೆ ಹೋದರು. ಅವರ ಹೆಂಡತಿ ಮಕ್ಕಳು ರಜೆಗೆಂದು ಊರಿಗೆ ಹೋಗಿದ್ದರು. ಒಬ್ಬರೇ ಇದ್ದ ಬೋಜಣ್ಣನಿಗೆ ಒಂದು ಮಹದಾಲೋಚನೆ ಹೊಳೆದಿತ್ತು.

ಗುರುವಾರ ಸಂಜೆ ಶರಣನ ಮೊಬೈಲು ಹೊಡೆದುಕೊಂಡಿತು. ಒಳಗೆ ಯಶ್ಮಿತಾ ಮಿಕ್ಸಿ ಹಾಕಿದ್ದಳು.

“ಶರಣಾ, ನಾಳೆ ಸಭೆಗೆ ಸಾನ್ನಾಂ ನಾನೇ ಮಾಡ್ತಿದ್ದೇನೆ! ಈ ಪುಸ್ತಕ ಇದ್ರೆ ಹೆಂಡತಿ ಊರಿಗೆ ಹೋದವನಿಗೂ ಚಿಂತೆ ಇಲ್ಲ ಅಂತ ಭಾಷಣದಲ್ಲಿ ಹೇಳ್ಲಿಕ್ಕುಂಟು. ಅದಿರ್ಲಿ, ಇದ್ರಲ್ಲಿ ಎರಡು ಲೋಟ ಯೀಸ್ಟ್ ಅಂತ ಉಂಟಲ್ಲ, ಸಣ್ಣ ಲೋಟವಾ ದೊಡ್ಡ ಲೋಟವಾ?”

ಶರಣ್ ಜೀವಮಾನದಲ್ಲಿ ಯೀಸ್ಟಿನ ಮುಖ ನೋಡಿದವನಲ್ಲ. ಆದರೆ ತಾಂತ್ರಿಕ ಸಂಪಾದಕನಾದವನು ಗೊತ್ತಿಲ್ಲ ಎನ್ನಬಹುದೇ?

“ದೊಡ್ಡ ಲೋಟವೇ ಹಾಕಿ ಬೋಜಣ್ಣ. ಅಧ್ಯಕ್ಷರು ಸಣ್ಣ ಲೋಟದಲ್ಲಿ ಹಾಕಿದ್ರೆ ಮರ್ಯಾದೆಯಾ?”

“ಹಾಗಾದ್ರೆ ಸರಿ. ಇಡೀ ಸಂಘಕ್ಕೆ ಆಗ್ಬೇಕಲ್ಲ, ಮೂರು ಪಟ್ಟು ಮಾಡ್ತಿದ್ದೇನೆ. ಬಿಸಿ ಜಾಗದಲ್ಲಿ ಇಡಿ ಅಂತಲೂ ಬರೆದಿದ್ದಾರೆ.”

“ಬಾಲ್ಕನಿಯಲ್ಲಿ ಇಡಿ. ಜೂನ್ ತಿಂಗಳ ದೋಹಾ ಬಾಲ್ಕನಿಗಿಂತ ಬಿಸಿ ಜಾಗ ಬೇಕಿದ್ರೆ ನರಕಕ್ಕೇ ಹೋಗ್ಬೇಕು!”

ಅದಾಗಿ ಸ್ವಲ್ಪ ಹೊತ್ತಿಗೆ ಯಶ್ಮಿತಾ ಅವನನ್ನು ಒಂದು ಪೊಟ್ಟಣ ಯೀಸ್ಟ್ ತರಲು ಅಟ್ಟಿದಳು. ಮೂಲೆಯ ಅಂಗಡಿಯ ಮಲಯಾಳಿ ಕೈ ಆಡಿಸಿದ. “ಯೀಸ್ಟ್ ಮಾಫಿ ಭಾಯ್! ಏಕ್ ಆದ್ಮಿ ಸಬ್ ಲೇ ಗಯಾ.” ಮಾಫಿ ಎಂದರೆ ಅಲ್ಲಿಯ ಅರಬಿಯಲ್ಲಿ ‘ಇಲ್ಲ’; ಇದ್ದದ್ದನ್ನೆಲ್ಲ ಯಾರೋ ಒಬ್ಬ ಹೊತ್ತೊಯ್ದಿದ್ದ. ಪಕ್ಕದ ಅಂಗಡಿಯಲ್ಲೂ ಮಾಫಿ. ಕ್ಲಿನಿಕ್ಕಿನ ಎದುರಿನ ಅಂಗಡಿಯಲ್ಲೂ ಮಾಫಿ. ಶರಣ್ ಎದೆಯುಬ್ಬಿಸಿಕೊಂಡು ಮನೆಗೆ ಬಂದ.

“ನೋಡು, ನಿನ್ನ ಪುಸ್ತಕ ಬಿಡುಗಡೆಗೆ ಮುಂಚೆಯೇ ಬಿನ್ ಮಹಮೂದಿನ ಮಾರ್ಕೆಟ್ ಅಲ್ಲಾಡಿಸಿದೆ!”

“ಒಂದು ಚಮಚದ ಸಾಮಾನು ಮಾರಾಯ್ರೆ ಅದು. ಅಂಗಡಿ ಅಂಗಡಿಯೇ ಖಾಲಿ ಆಗ್ಲಿಕ್ಕೆ ಎಂತ ಕಾರಣ?” ಎಂದು ಯಶ್ಮಿತಾ ಹುಬ್ಬು ಗಂಟಿಕ್ಕಿದಳು. ಅಷ್ಟರಲ್ಲಿ ಊರಿನಿಂದ ಅಮ್ಮನ ಫೋನ್ ಬಂತು. ಮಗಳ ಪುಸ್ತಕದ ಸುದ್ದಿ ಕೇಳುತ್ತ ಅಮ್ಮ ಅತ್ತರು, ಮಗಳೂ ಅತ್ತಳು, ಯೀಸ್ಟ್ ಮರೆತುಹೋಯಿತು.

ಶುಕ್ರವಾರ ಬೆಳಗಾಯಿತು. ಶರಣ್ ಚಹಾದ ಲೋಟ ಹಿಡಿದು ಬಾಲ್ಕನಿಗೆ ಬಂದ. ವೇದಿಕೆ ಹತ್ತಲೆಂದೇ ಒಗೆದು ಒಣಹಾಕಿದ್ದ ನೀಲಿ ಅಂಗಿಯ ಹೆಗಲ ಮೇಲೆ ಬಿಳಿ ಹನಿಯೊಂದು ಬಿದ್ದಿತ್ತು. ಪಾರಿವಾಳದ ಉಪಕಾರ ಎಂದುಕೊಂಡ. ನೋಡುತ್ತಿದ್ದಂತೆ ಇನ್ನೊಂದು ಹನಿ ಬಿತ್ತು. ಆಮೇಲೆ ಹನಿಯಲ್ಲ, ದಾರ! ದಾರವಲ್ಲ, ಹಗ್ಗ! ಕೈಯಷ್ಟು ದಪ್ಪದ ಬಿಳಿ ಪದಾರ್ಥವೊಂದು ಮೇಲಿನ ಬಾಲ್ಕನಿಯ ಅಂಚಿನಿಂದ ಸಾವಕಾಶವಾಗಿ ಇಳಿದು ಅಂಗಿಯನ್ನು ಅಪ್ಪಿಕೊಂಡಿತು. ಹುಳಿ ವಾಸನೆ ಮೂಗಿಗೆ ಹೊಡೆಯಿತು. ಶರಣನ ಕೈಯಿಂದ ಚಹಾ ಜಾರಿತು.

“ಯಶ್ಮೀ! ಓಡಿ ಬಾ! ಮೇಲಿನ ಮನೆ ಕರಗ್ತಾ ಉಂಟು!”

ಇಬ್ಬರೂ ಮೆಟ್ಟಿಲು ಹತ್ತಿ ಓಡಿದರು. ಬಾಗಿಲು ತೆರೆದ ಬೋಜಣ್ಣನ ಲುಂಗಿ, ಮೀಸೆ, ಮೊಣಕೈ ಎಲ್ಲವೂ ಬಿಳಿ. ಕಣ್ಣು ಮಾತ್ರ ಕೆಂಪು.

“ಶರಣಾ, ಇದು ನಿಲ್ಲುವುದೇ ಇಲ್ಲ ಮಾರಾಯಾ! ಒಳಗೆ ತಳ್ಳಿದಷ್ಟೂ ಹೊರಗೆ ಬರ್ತದೆ! ಬಾಲ್ದಿ ತುಂಬಿತು, ಕುಕ್ಕರ್ ತುಂಬಿತು, ಮಗುವಿನ ಸ್ನಾನದ ಟಬ್ಬೂ ತುಂಬಿತು!”

ಬಾಲ್ಕನಿಯಲ್ಲಿ ಹಿಟ್ಟು ಏಳುತ್ತಿತ್ತು. ಬುಳುಕ್ ಎಂದು ಗುಳ್ಳೆ ಬಿಡುತ್ತ, ಟಬ್ಬಿನ ಅಂಚನ್ನು ದಾಟಿ, ಕಂಬಿಯ ಸಂದಿನಲ್ಲಿ ತಲೆ ತೂರಿಸಿ ಕೆಳಗೆ ಹೊರಟಿತ್ತು. ಕೆಳಗಿನಿಂದ ಕಟ್ಟಡದ ಕಾವಲುಗಾರ ಕೂಗಿಕೊಳ್ಳುತ್ತಿದ್ದ: “ಅರಬಾಬ್ ಕಾ ಗಾಡಿ! ಅರಬಾಬ್ ಕಾ ಗಾಡಿ!” ಶರಣ್ ಬಗ್ಗಿ ನೋಡಿದ. ಕಟ್ಟಡದ ಮಾಲೀಕರ ದೊಡ್ಡ ಕಪ್ಪು ಕಾರು ಸರಿಯಾಗಿ ಕೆಳಗೇ ನಿಂತಿತ್ತು. ಅದರ ಬಾನೆಟ್ಟಿನ ಮೇಲೆ ಬಿದ್ದ ಹಿಟ್ಟು ದೋಹಾದ ಬಿಸಿಲಿಗೆ ಅದಾಗಲೇ ಬೇಯತೊಡಗಿತ್ತು. ಕತಾರಿನ ಮೊತ್ತಮೊದಲ ಸಾನ್ನಾಂ ಕಾರು!

ಯಶ್ಮಿತಾ ಹಿಟ್ಟಿನ ಕಡೆ ನೋಡಲಿಲ್ಲ. ಅಡುಗೆಕಟ್ಟೆಯ ಮೇಲೆ ತೆರೆದಿಟ್ಟಿದ್ದ ಪುಸ್ತಕವನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದಳು.

“‘ಅರೆದ ಹಿಟ್ಟಿಗೆ ಎರಡು ಲೋಟ ಯೀಸ್ಟ್ ಸೇರಿಸಿ.’”

ಪುಟ ಮಗುಚಿದಳು. “‘ಬೆಳಿಗ್ಗೆ ಮರದಿಂದ ಇಳಿಸಿದ ತಾಜಾ ಯೀಸ್ಟ್ ಆದರೆ ಉತ್ತಮ.’”

ಇನ್ನೊಂದು ಪುಟ. ಅಲ್ಲಿ ಪರ್ಪೆಚುವಾ ಬಾಯಿಯ ನೆನಪಿತ್ತು. ಯಶ್ಮಿತಾಳ ಸ್ವರ ಸಣ್ಣದಾಯಿತು. “‘ನನ್ನ ಪಪ್ಪ ಹಬ್ಬದ ಸಂಜೆ ಒಂದು ಬಾಟಲಿ ಯೀಸ್ಟ್ ಕುಡಿದು, ಅಂಗಳದಲ್ಲಿ ಕುಳಿತು, ಊರೆಲ್ಲ ಕೇಳುವಂತೆ ಹಾಡುತ್ತಿದ್ದರು.’”

“ಯಾರು? ನನ್ನ ಪಪ್ಪನಾ?”

ಎಲ್ಲರೂ ತಿರುಗಿದರು. ಸಭೆಗೆ ಜೊತೆಯಾಗಿ ಹೋಗೋಣವೆಂದು ಬಂದ ಪರ್ಪೆಚುವಾ ಬಾಯಿ, ಸದ್ದು ಕೇಳಿ ಮೇಲಕ್ಕೇ ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಮನೆಯಲ್ಲಿ ಮಾಡಿದ ಸಾನ್ನಾಂ ತುಂಬಿದ ದೊಡ್ಡ ಡಬ್ಬಿ. ಪುಸ್ತಕ ಇಸಿದುಕೊಂಡು, ಕನ್ನಡಕ ಏರಿಸಿ, ಆ ಸಾಲನ್ನು ತಾವೇ ಒಮ್ಮೆ ಓದಿದರು. ಟಬ್ಬಿನಲ್ಲಿ ಹಿಟ್ಟು ಬುಳುಕ್ ಎಂದಿತು.

“ನನ್ನ ಪಪ್ಪ ಕಳ್ಳು ಕುಡಿದು ಎಂಬತ್ತು ವರ್ಷ ಬದುಕಿದ್ರು ಪುತಾ,” ಎಂದರು ಅವರು ಶರಣನಿಗೆ. “ಇದನ್ನು ಕುಡಿದಿದ್ರೆ ಶವದ ಪೆಟ್ಟಿಗೆ ಮುಚ್ಚಲಿಕ್ಕೇ ಆಗ್ತಿರಲಿಲ್ಲ.”

ಯಶ್ಮಿತಾ ನಗಲಿಲ್ಲ. ಅವಳ ಕಣ್ಣು ತುಂಬಿ ಬಂತು. “ನಾನು ಸಭೆಗೆ ಬರೋದಿಲ್ಲ,” ಎಂದಳು. “ಆಂಟಿ ತಮ್ಮ ಮನೆಯ ನೆನಪನ್ನು ನನ್ನ ಕೈಯಲ್ಲಿ ನಂಬಿ ಕೊಟ್ಟಿದ್ರು.” ಬೈದಿದ್ದರೆ ಶರಣ್ ಹೇಗೋ ತಡೆದುಕೊಳ್ಳುತ್ತಿದ್ದ. ಅವಳು ಬೈಯಲೇ ಇಲ್ಲ.

ಅವನು ಕೆಳಗೆ ಓಡಿದ. ಕಂಪ್ಯೂಟರ್ ಹಾಕಿದ. ಮಾಡಿದ್ದನ್ನು ಹಿಂದಕ್ಕೆ ತರುವ ಬಾಣ ಬೂದು ಬಣ್ಣಕ್ಕೆ ತಿರುಗಿ ಸತ್ತು ಮಲಗಿತ್ತು. ಮುಚ್ಚಿ ತೆರೆದ ಫೈಲಿಗೆ ಹಿಂದಿನ ಜನ್ಮದ ನೆನಪೆಲ್ಲಿಂದ ಬರಬೇಕು? ಬೇರೆ ಪ್ರತಿ ಇಟ್ಟಿರಲಿಲ್ಲ.

“ಹೆದರಬೇಡಿ!” ಎಂದು ಅವನು ಹಿಂದೆಯೇ ಇಳಿದು ಬಂದವರಿಗೆ ಕೂಗಿ ಹೇಳಿದ. “ಯೀಸ್ಟ್ ಇದ್ದಲ್ಲೆಲ್ಲ ಮತ್ತೆ ಕಳ್ಳು ಅಂತ ಬದಲಿಸಿಬಿಡ್ತೇನೆ. ಒಂದೇ ಕ್ಲಿಕ್! ಆಮೇಲೆ ಮೊದಲಿನ ಹಾಗೆಯೇ—”

“ಕೈ ತೆಗೀರಿ!” ಯಶ್ಮಿತಾ ಕಿರುಚಿದಳು. “ಆಯಿಷಮ್ಮನ ರೊಟ್ಟಿಗೆ ಮೊದಲಿಂದಲೂ ಯೀಸ್ಟೇ ಇದ್ದದ್ದು! ಈಗ ಅವರ ರೊಟ್ಟಿಗೂ ಕಳ್ಳು ಹೊಯ್ತೀರಾ?”

ಬೋಜಣ್ಣ “ಅಯ್ಯೋ ದೇವರೇ, ನನ್ನ ವೀಸಾ!” ಎಂದು ಹಿಟ್ಟಿನ ಕೈಯನ್ನೇ ಎದೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕುಸಿದರು. ಸೋಫಾವೂ ಬೆಳ್ಳಗಾಯಿತು.

ಪರ್ಪೆಚುವಾ ಬಾಯಿ ಮಾತ್ರ ಕುರ್ಚಿ ಎಳೆದುಕೊಂಡು ಕೂತರು. ಪುಸ್ತಕದ ಪೆಟ್ಟಿಗೆಯ ಟೇಪು ಕಿತ್ತರು. ವ್ಯಾನಿಟಿ ಬ್ಯಾಗಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟರು.

“ಹತ್ತು ಗಂಟೆಗೆ ಇನ್ನೂ ಸಮಯ ಉಂಟು. ಯಲ್ಲಾ, ಬನ್ನಿ ಬೇಗ, ಕೂತುಕೊಳ್ಳಿ. ಯಶ್ಮಿತಾ ಹೇಳ್ಲಿ, ನಾವು ತಿದ್ದುವ.”

“ಹೇಗೆ ಬಾಯಿ?” ಎಂದ ಶರಣ್ ದೀನನಾಗಿ.

“ಹೇಗೆ ಅಂದ್ರೆ? ಒಂದೊಂದಾಗಿ!”

ನಾಲ್ವರೂ ಮೇಜಿನ ಸುತ್ತ ಕೂತರು. ಯಶ್ಮಿತಾ ಮೂಗು ಒರೆಸಿಕೊಂಡು ಪುಟ ಹೇಳಿದಳು, ಸಾಲು ಹೇಳಿದಳು. ಎರಡು ಲೋಟ ಹೊಡೆದುಹಾಕಿ ಒಂದು ಚಮಚ ಎಂದು ಬರೆಯಬೇಕು. ಮರದಿಂದ ಇಳಿಸಿದ ಯೀಸ್ಟನ್ನು ಪೂರಾ ಹೊಡೆದುಹಾಕಬೇಕು. ಪಪ್ಪನ ಬಾಟಲಿಯ ಬಗ್ಗೆ ಸ್ವಲ್ಪ ಚರ್ಚೆ ನಡೆದು, ಬೋಜಣ್ಣನ ವೀಸಾದ ಕ್ಷೇಮಕ್ಕಾಗಿ ‘ಎಳನೀರು’ ಎಂದು ತೀರ್ಮಾನವಾಯಿತು. “ಸ್ವರ್ಗದಲ್ಲಿ ಪಪ್ಪ ನಗಾಡ್ತಿರಬಹುದು,” ಎಂದರು ಪರ್ಪೆಚುವಾ ಬಾಯಿ. ಒಂದು ಪುಸ್ತಕ, ಮತ್ತೊಂದು ಪುಸ್ತಕ, ಮಗದೊಂದು. ಶರಣನ ಬೆರಳು ಬಾತುಕೊಂಡಿತು. ಸರ್ವಿಸ್ ಬಸ್ಸು ಎಲ್ಲ ಸ್ಟಾಪಿನಲ್ಲೂ ನಿಂತು, ಕೇಳಿ, ಇಳಿಸಿ, ಹತ್ತಿಸಿಕೊಂಡು, ಗಂಟೆ ಹತ್ತಾಗುವ ಮೊದಲೇ ಊರು ಸೇರಿತು.

ಪುಸ್ತಕ ಭರ್ಜರಿಯಾಗಿ ಬಿಡುಗಡೆಯಾಯಿತಂತೆ. ಪುಟಪುಟದಲ್ಲೂ ಶಾಯಿಯ ಬರಹ ನೋಡಿದ ಜನ, ಪಾಪ, ಪ್ರತಿಯೊಬ್ಬರಿಗೂ ಲೇಖಕಿ ಕೈಯಾರೆ ಬರೆದುಕೊಟ್ಟಿದ್ದಾಳೆ ಎಂದು ಮುಗಿಬಿದ್ದರಂತೆ. ಪರ್ಪೆಚುವಾ ಬಾಯಿಯ ಸಾನ್ನಾಂ ತಿಂದವರೆಲ್ಲ ಬೋಜಣ್ಣನನ್ನು ಹೊಗಳಿದರಂತೆ, ಅವರೂ ಅಲ್ಲಗಳೆಯಲಿಲ್ಲವಂತೆ. ಆಯಿಷಮ್ಮನವರು ಯಶ್ಮಿತಾಳನ್ನು ಅಪ್ಪಿಕೊಂಡರಂತೆ. ಎಲ್ಲವೂ ‘ಅಂತೆ’ಯೇ, ಏಕೆಂದರೆ ತಾಂತ್ರಿಕ ಸಂಪಾದಕರು ಆ ಹೊತ್ತಿನಲ್ಲಿ ಕಾವಲುಗಾರನ ಉಸ್ತುವಾರಿಯಲ್ಲಿ, ಹಲ್ಲುಜ್ಜುವ ಬ್ರಶ್ಶು ಹಿಡಿದು, ಮಾಲೀಕರ ಬಾನೆಟ್ಟಿನಿಂದ ಬೆಂದ ಸಾನ್ನಾಂ ಎಬ್ಬಿಸುತ್ತಿದ್ದರು.

ಪ್ರತಿಗಳೆಲ್ಲ ಅಂದೇ ಮುಗಿದು ಎರಡನೇ ಮುದ್ರಣಕ್ಕೆ ಬೇಡಿಕೆ ಬಂತು. ಈ ಸಲ ಕಂಪ್ಯೂಟರಿನ ಮುಂದೆ ಯಶ್ಮಿತಾ ಕೂತಳು. ಶರಣ್ ಪಕ್ಕದ ಕುರ್ಚಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ.

“ಹಳೆ ವರ್ಷನ್ ವಾಪಸ್ ಹಾಕಿ ಕೊಡ್ಲಾ?” ಎಂದು ಕೇಳಿದ.

“ಬೇಡ. ಒಂದೊಂದಾಗಿ ಮಾಡುವ ಬಟನ್ ಇದ್ರಲ್ಲೂ ಉಂಟು.”

ಒಂದೊಂದೇ ಜಾಗದಲ್ಲಿ ನಿಂತು ನೋಡಿ ಅವಳು ಎಲ್ಲವನ್ನೂ ಸರಿಪಡಿಸಿದಳು. ಆಮೇಲೆ ಗಂಡನ ಕಡೆ ಓರೆಗಣ್ಣಿನಲ್ಲಿ ನೋಡಿ, ಹುಡುಕುವ ಚೌಕದಲ್ಲಿ ‘ಶರಣ್’ ಎಂದು ಬರೆದಳು. ಬದಲಿಗೆ ಏನೆಂದೂ ಬರೆದಳು. ‘ಎಲ್ಲವನ್ನೂ ಬದಲಿಸು’ ಒತ್ತಿದಳು. ಫ್ಯಾನು ಗೊರಗೊರ ಎಂದಿತು, ಆ ಪುಟ್ಟ ಚೌಕ ಎದ್ದು ಬಂತು.

“ಯಶ್ಮೀ, ಬೇಡ ಮಾರಾಯ್ತಿ! ಅದು ಎಂತ ಹೇಳ್ತದೆ ಅಂತ ಮೊದಲು ಓದು!”

“ಓದದೆ ಒತ್ತಲಿಕ್ಕೆ ನಾನೇನು ಕಂಟ್ರೋಲರಾ?” ಎಂದು ಅವಳು ಒಂದಕ್ಷರವೂ ಬಿಡದೆ ಓದಿ ಹೇಳಿದಳು. “‘ಮೆಮೊರಿ ಸಾಕಾಗುವುದಿಲ್ಲ. ಈ ಕೆಲಸ ಒಮ್ಮೆ ಮುಗಿದರೆ ಮತ್ತೆ ಹಿಂದಕ್ಕೆ ತರಲಾಗುವುದಿಲ್ಲ. ಮುಂದುವರಿಸಲೇ?’”

ಓದಿ ಮುಗಿಸಿ, ‘ಹೌದು’ ಒತ್ತಿದಳು.

ಎರಡನೇ ಮುದ್ರಣದ ಪ್ರತಿ ಇವತ್ತಿಗೂ ಕರಾವಳಿಯವರ ಅನೇಕ ಮನೆಗಳಲ್ಲಿದೆ. ಅದರ ಮೊದಲ ಪುಟದಲ್ಲಿ ಹೀಗೆ ಅಚ್ಚಾಗಿದೆ: ‘ಈ ಪುಸ್ತಕ ಊರೆಲ್ಲ ಹರಡಲು ಕಾರಣರಾದ ನನ್ನ ಪತಿ ಯೀಸ್ಟ್ ಅವರಿಗೆ ನಾನು ಚಿರಋಣಿ.’